ದುಡಿಮೆ ದೂರದಲ್ಲಿ, ಹೋರಿ ಊರಲ್ಲಿ

ಶಿಕಾರಿಪುರ, ಸೊರಬ ಸೀಮೆಯಿಂದ ದುಡಿಯಲು ಹೊರಗೆ ಹೋದವರು ಇಲ್ಲದ ಊರು ಈಗ ಸಿಗುವುದು ಕಷ್ಟ. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ, ಗೋವಾದ ಹೋಟೆಲುಗಳಲ್ಲಿ, ಕೊಲ್ಲಿ ದೇಶಗಳ ಕಟ್ಟಡದ ಕೆಲಸಗಳಲ್ಲಿ ಅವರಿದ್ದಾರೆ. ತಾಂಡಾಗಳ ಜನ ಕುಟುಂಬ ಸಮೇತ ಕಾಫಿ ಸೀಮೆಗೆ ಕೊಯ್ಲಿಗೆ ಹೋಗಿ ತಿಂಗಳುಗಟ್ಟಲೆ ಲೈನ್ ಮನೆಗಳಲ್ಲಿ ಇದ್ದು ಬರುತ್ತಾರೆ. ಹೀಗೆ ಹೋದವರ ಬಗ್ಗೆ ನಾವು ಕೇಳುವ ಪ್ರಶ್ನೆಗಳು ಎರಡೇ. ಸಂಬಳ ಎಷ್ಟು? ಊರಿಗೆ ಯಾವಾಗ ಬರುತ್ತೀಯ? ಕೆಲಸ ಮುಗಿದ ಮೇಲೆ ಆ ಹುಡುಗ ಏನು ಮಾಡುತ್ತಾನೆ, ಅವನ ಮನಸ್ಸು ಎಲ್ಲಿ ಓಡಾಡುತ್ತಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಿ ನೋಡಿ. ಅರ್ಧಕ್ಕರ್ಧ ಜನ ಫೋನು ತೆಗೆದು ಒಂದು ಹೋರಿಯ ಫೋಟೊ ತೋರಿಸುತ್ತಾರೆ.

ಹೋರಿ ಸಾಕುವುದು, ಬಿಡುವುದು, ಹಿಡಿಯುವುದು ಈ ಭಾಗದ ದೊಡ್ಡ ಹವ್ಯಾಸ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಅಖಾಡದಲ್ಲಿ ಓಡಲು ಬಿಟ್ಟು, ಹಿಡಿದು ಕೊಬ್ಬರಿ ಹರಿಯುವ ಈ ಹೋರಿ ಹಬ್ಬ ದೀಪಾವಳಿಯ ಬಲಿಪಾಡ್ಯಮಿಗೆ ಶುರುವಾದರೆ ಸಂಕ್ರಾಂತಿ ಕಳೆದರೂ ಮುಗಿಯುವುದಿಲ್ಲ. ಶಿಕಾರಿಪುರ, ಸೊರಬ, ಹಿರೇಕೆರೂರು, ಹಾನಗಲ್, ಬ್ಯಾಡಗಿ, ಹಾವೇರಿ ಇವೆಲ್ಲ ಜಿಲ್ಲೆಯ ಗಡಿ ಲೆಕ್ಕಿಸದೆ ಈ ವಿಷಯದಲ್ಲಿ ಒಂದೇ ಸೀಮೆ. ಇಂದು ಈ ಊರಲ್ಲಿ ಹಬ್ಬವಾದರೆ ನಾಳೆ ಪಕ್ಕದೂರಲ್ಲಿ. ಹೋರಿಗಳು ಟ್ರ್ಯಾಕ್ಟರ್, ಟೆಂಪೊ ಏರಿ ಊರೂರು ತಿರುಗುತ್ತವೆ, ಅವುಗಳ ಹಿಂದೆ ಅಭಿಮಾನಿಗಳ ಬೈಕುಗಳ ಸಾಲು. ಹೋರಿಗೊಂದು ಹೆಸರು, ಹೆಸರಿಗೊಂದು ಎಕ್ಸ್‌ಪ್ರೆಸ್ ಅಥವಾ ಡಾನ್ ಎಂಬ ಬಾಲ, ಆ ಹೆಸರು ಅಚ್ಚಾದ ಟೀ ಶರ್ಟು. ಹೆಸರು ಮಾಡಿದ ಹೋರಿ ಸತ್ತರೆ ಊರಿಗೆ ಊರೇ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ, ಸಮಾಧಿ ಕಟ್ಟುತ್ತದೆ.

ಹೊರಗೆ ದುಡಿಯುವವನಿಗೂ ಇದಕ್ಕೂ ನಂಟು ಬಂದದ್ದು ಹೇಗೆ? ಹೋರಿಗೆ ಉಳುವ ಕೆಲಸ ತಪ್ಪಿ ಬಹಳ ಕಾಲವಾಯಿತು. ಗದ್ದೆಗೆ ಟಿಲ್ಲರ್ ಬಂತು, ಭತ್ತದ ಬೇಸಾಯ ನಿಂತು ಗದ್ದೆಗಳೇ ಅಡಿಕೆ ತೋಟವಾದವು. ದುಡಿಯದ ಹೋರಿಯನ್ನು ಹುರುಳಿ, ಹತ್ತಿಕಾಳು, ಹಿಂಡಿ, ಮೊಟ್ಟೆ ಹಾಕಿ ಸಾಕಲು ದುಡ್ಡು ಬೇಕು. ಆ ದುಡ್ಡು ಬರುವುದು ಊರು ಬಿಟ್ಟು ಹೋದವನ ಸಂಬಳದಿಂದ. ಅಣ್ಣ ಊರಲ್ಲಿ ಹೋರಿ ನೋಡಿಕೊಳ್ಳುತ್ತಾನೆ, ತಮ್ಮ ಬೆಂಗಳೂರಿನಿಂದ ಫೋನ್ ಪೇ ಮಾಡುತ್ತಾನೆ. ನಾಲ್ಕು ಜನ ಗೆಳೆಯರು ಸೇರಿ ಹೋರಿ ಕೊಂಡಿದ್ದರೆ ನಾಲ್ವರಲ್ಲಿ ಇಬ್ಬರು ಊರಲ್ಲಿರುವುದಿಲ್ಲ. ಕಾರ್ಖಾನೆಯ ಸಂಬಳದಲ್ಲಿ ಕೊಟ್ಟಿಗೆಯ ಪ್ರಾಣಿ ಉಳಿದುಕೊಂಡಿದೆ. ದುಡ್ಡು ದಂಡ ಎಂದು ಮೂಗು ಮುರಿಯುವವರನ್ನು ನಾನು ಒಪ್ಪುವುದಿಲ್ಲ. ಈ ಹವ್ಯಾಸ ಇಲ್ಲದಿದ್ದರೆ ಹಳ್ಳಿಕಾರ್, ಅಮೃತ ಮಹಲ್ ಜಾತಿಯ ಗಂಡು ಕರು ನಮ್ಮ ಕೊಟ್ಟಿಗೆಗಳಲ್ಲಿ ಎರಡು ವರ್ಷವೂ ಬಾಳುತ್ತಿರಲಿಲ್ಲ.

ಹೀಗೆ ದುಡ್ಡು ಕಳಿಸುವವನ ದಿನ ಹೇಗಿರುತ್ತದೆ? ಬೆಂಗಳೂರಿನ ಹತ್ತಿರದ ಬಿಡದಿಯನ್ನೇ ತೆಗೆದುಕೊಳ್ಳಿ. ಜಪಾನಿನ ಟೊಯೊಟಾ ಅಲ್ಲಿ 1999ರ ಕೊನೆಯಲ್ಲಿ ವಾಹನ ತಯಾರಿಸಲು ಶುರು ಮಾಡಿತು. ಹಳ್ಳಿ ಮಕ್ಕಳಿಗೆ ಕೆಲಸ ಕಲಿಸುವ ತರಬೇತಿ ಸಂಸ್ಥೆಯನ್ನೂ 2007ರಲ್ಲಿ ಅಲ್ಲೇ ತೆರೆಯಿತು. ಇಂಥ ಕಡೆ ಕೆಲಸಕ್ಕೆ ಸೇರಿದ ಮಲೆನಾಡಿನ ಹುಡುಗನ ದಿನ ಶಿಫ್ಟಿನ ಗಂಟೆಗೆ ಬಿಗಿದಿರುತ್ತದೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಬಾಡಿಗೆ ಕೋಣೆಯಲ್ಲಿ ಮೂವರು ನಾಲ್ವರು. ಒಬ್ಬ ಅನ್ನಕ್ಕಿಟ್ಟರೆ ಇನ್ನೊಬ್ಬ ಸಾರು ಮಾಡುತ್ತಾನೆ, ಮತ್ತೊಬ್ಬ ಗೋಡೆಗೊರಗಿ ಹಾವೇರಿ ಕಡೆಯ ಅಖಾಡದ ವಿಡಿಯೊ ಹಾಕುತ್ತಾನೆ. ಅನ್ನ ಬೇಯುವಷ್ಟರಲ್ಲಿ ಹತ್ತು ಹೋರಿ ಓಡಿರುತ್ತವೆ, ಹತ್ತಕ್ಕೂ ವಿಮರ್ಶೆ ಆಗಿರುತ್ತದೆ. ಇದರ ಕಾಲು ಚೆನ್ನಾಗಿದೆ, ಅದು ತಿರುವಿನಲ್ಲಿ ಹೆದರಿತು, ಇದನ್ನು ಬಿಟ್ಟವನಿಗೆ ಹಗ್ಗ ಬಿಡುವ ಹದ ತಿಳಿದಿಲ್ಲ. ಹಗಲಿಡೀ ಯಂತ್ರದ ಮುಂದೆ ಹೇಳಿದ್ದನ್ನು ಮಾಡಿ ಬಂದವನು ಇಲ್ಲಿ ತಾನೇ ತಜ್ಞ, ತನ್ನ ಮಾತಿಗೆ ಇಲ್ಲಿ ತೂಕ ಇದೆ. ಪರಸ್ಥಳದಲ್ಲಿ ದುಡಿಯುವವನಿಗೆ ಇದು ಸಣ್ಣ ಸಂಗತಿ ಅಲ್ಲ.

ಈಗ ಜಪಾನಿಗೇ ಹೋಗುವ ದಾರಿಯೂ ತೆರೆದಿದೆ. ಮುದುಕರೇ ಹೆಚ್ಚಾಗಿ ದುಡಿಯುವ ಕೈಗಳಿಗೆ ಬರ ಬಂದ ಆ ದೇಶ 2019ರ ಏಪ್ರಿಲ್‌ನಲ್ಲಿ ಕುಶಲ ಕೆಲಸಗಾರರಿಗೆಂದು ಹೊಸ ವೀಸಾ ತಂದಿತು. 2021ರ ಜನವರಿಯಲ್ಲಿ ಭಾರತ ಆ ಬಗ್ಗೆ ಒಪ್ಪಂದ ಮಾಡಿಕೊಂಡಿತು. ವೃದ್ಧರ ಆರೈಕೆ, ಬೇಸಾಯ, ಕಟ್ಟಡ, ಹೋಟೆಲು ಹೀಗೆ ಹಲವು ಕಸುಬು. ಜಪಾನಿ ಭಾಷೆಯ ಎನ್4 ಮಟ್ಟದ ಪರೀಕ್ಷೆ ಪಾಸಾಗಬೇಕು. 2024ರ ಅಕ್ಟೋಬರ್ ವೇಳೆಗೆ ಅಲ್ಲಿ ದುಡಿಯುವ ವಿದೇಶಿಯರ ಸಂಖ್ಯೆ 23 ಲಕ್ಷ ದಾಟಿತ್ತು. ಈ ವೀಸಾದ ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು, ಆದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ದೀಪಾವಳಿಗೆ ಅಲ್ಲಿ ರಜೆಯಿಲ್ಲ. ಜಪಾನಿಯರು ಹಿರಿಯರನ್ನು ನೆನೆಯಲು ಊರಿಗೆ ಹೋಗುವ ಓಬೋನ್ ಬರುವುದು ಆಗಸ್ಟ್ ನಡುವಿನಲ್ಲಿ. ಆಗ ನಮ್ಮಲ್ಲಿ ನಾಟಿಯ ಮಳೆ, ಹೋರಿ ಕೊಟ್ಟಿಗೆ ಬಿಟ್ಟು ಹೊರಗೆ ಬರುವ ಕಾಲವೇ ಅಲ್ಲ. ಆದರೆ ಗಡಿಯಾರ ಕೈಹಿಡಿಯುತ್ತದೆ. ಜಪಾನು ನಮಗಿಂತ ಮೂರೂವರೆ ಗಂಟೆ ಮುಂದೆ. ಆನವಟ್ಟಿ ಕಡೆ ಸಂಜೆ ನಾಲ್ಕಕ್ಕೆ ಅಖಾಡ ಕಾವೇರುವಾಗ ಅಲ್ಲಿ ಏಳೂವರೆ, ಕೆಲಸ ಬಿಟ್ಟು ಕೋಣೆ ಸೇರಿದ ಹೊತ್ತು. ಯೂಟ್ಯೂಬಿನಲ್ಲಿ ನೇರ ಪ್ರಸಾರ ಇರುತ್ತದೆ.

ಅಖಾಡದ ಹಿಂದಿನ ಸಿದ್ಧತೆಯನ್ನು ಹತ್ತಿರದಿಂದ ನೋಡಬೇಕು. ಹಬ್ಬಕ್ಕೆ ತಿಂಗಳುಗಳಿರುವಾಗಲೇ ಹೋರಿಯನ್ನು ಕೆರೆಗೆ ಇಳಿಸಿ ಈಜಾಡಿಸುತ್ತಾರೆ. ಕಾಲಿಗೆ ಬಲ ಬರಲಿ, ದಮ್ಮು ಹೆಚ್ಚಲಿ ಎಂದು ಕೆಸರಿನಲ್ಲಿ ನಡೆಸುತ್ತಾರೆ. ಹಬ್ಬದ ಬೆಳಗ್ಗೆ ಮೈ ತೊಳೆದು ಕೋಡಿಗೆ ಬಣ್ಣ ಬಳಿದು ಹಿತ್ತಾಳೆಯ ಅಣಸು ತೊಡಿಸುತ್ತಾರೆ. ಸೊರಬದ ಕಡೆ ಹಬ್ಬದ ದನಗಳಿಗೆ ಚೆಂಡುಹೂವು, ಅಡಿಕೆ, ಶಿಂಗಾರ, ಪಚ್ಚೆತೆನೆ ಸೇರಿಸಿ ಪೋಣಿಸಿದ ಹಾರ, ಮೈಮೇಲೆ ಕೆಮ್ಮಣ್ಣಿನ ಛಾಪು. ಸ್ಪರ್ಧೆಯ ಹೋರಿಗೆ ಕೊಬ್ಬರಿ ಗಿಟುಕುಗಳ ಹಾರ. ಆ ಹಾರ ಕಟ್ಟುವುದೇ ಒಂದು ವಿದ್ಯೆ. ಪ್ರತಿ ಗಿಟುಕಿಗೂ ತೂತು ಕೊರೆದು ಹುರಿಯಲ್ಲಿ ಪೋಣಿಸಿ ಕುತ್ತಿಗೆಗೆ ಒತ್ತಿ ಕಟ್ಟಬೇಕು. ಸಡಿಲವಾದರೆ ಹಿಡಿಯುವವನ ಬೆರಳಿಗೆ ಸಿಗುತ್ತದೆ, ಬಿಗಿಯಾದರೆ ಹೋರಿಗೆ ಉಸಿರಾಡಲು ಕಷ್ಟ. ರಾತ್ರಿ ಬಸ್ಸಿನಲ್ಲಿ ಬಂದಿಳಿದ ಹುಡುಗ ಮುಖ ತೊಳೆಯುವ ಮೊದಲೇ ಕೊಟ್ಟಿಗೆಗೆ ಹೋಗಿ ಹೋರಿಯ ಗಂಗೆದೊಗಲು ತುರಿಸುತ್ತ ನಿಲ್ಲುತ್ತಾನೆ. ವರ್ಷದಲ್ಲಿ ಎರಡು ಮೂರು ಸಲ ಬರುವವನನ್ನು ಅದು ಮೂಸಿ ಗುರುತಿಸುತ್ತದೆಯೋ ಇಲ್ಲವೋ ಎಂದು ಮನೆಯವರೆಲ್ಲ ನೋಡುತ್ತಿರುತ್ತಾರೆ. ಗುರುತಿಸಿದರೆ ಅವನ ಮುಖ ನೋಡಬೇಕು.

ಅಖಾಡ ಎಂದರೆ ಊರಿನ ಉದ್ದನೆಯ ಬೀದಿ ಅಥವಾ ಬಯಲು, ಎರಡೂ ಬದಿಗೆ ಜನ. ಪೀಪಿ ಹೋರಿಗಳಿಗೆ ಬಲೂನು, ರಿಬ್ಬನ್ನುಗಳ ಎತ್ತರದ ಸಿಂಗಾರ, ಅವನ್ನು ಕಣ್ತುಂಬ ನೋಡುವುದೇ ಒಂದು ಸಂಭ್ರಮ. ಕೊಬ್ಬರಿ ಹೋರಿಗಳದು ಓಟದ ಲೆಕ್ಕ. ಒಂದೊಂದಾಗಿ ಬಿಡುತ್ತಾರೆ. ಹಿಡಿಯುವವರು ಹೊಂಚು ಹಾಕಿ ನಿಂತಿರುತ್ತಾರೆ, ಕುತ್ತಿಗೆಗೆ ಜೋತುಬಿದ್ದು ಕೊಬ್ಬರಿ ಹರಿಯಬೇಕು. ಹರಿದವನಿಗೂ ಬಹುಮಾನ, ಕೊಬ್ಬರಿ ಕೊಡದೆ ದಾಟಿದ ಹೋರಿಗೂ ಬಹುಮಾನ. ಬೈಕು, ಬಂಗಾರದ ಉಂಗುರ, ಫ್ರಿಜ್ಜು, ತಿಜೋರಿ ವೇದಿಕೆಯ ಪಕ್ಕ ಸಾಲಾಗಿ ಇಟ್ಟಿರುತ್ತಾರೆ. ಒಂದು ಹೋರಿ ದಾಟಲು ಕೆಲವೇ ಸೆಕೆಂಡು ಸಾಕು. ಆ ಕೆಲವು ಸೆಕೆಂಡಿಗಾಗಿ ವರ್ಷವಿಡೀ ದುಡಿದದ್ದು.

ದನಕ್ಕಾಗಿ ಇಷ್ಟು ಮನಸ್ಸು ಕೊಡುವುದು ಈ ನೆಲಕ್ಕೆ ಹೊಸದಲ್ಲ. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳಿವೆ. ತುರುಗೊಳ್ ಕಾಳಗಗಳ ವೀರಗಲ್ಲುಗಳು ಅವುಗಳಲ್ಲಿ ಸಾಲುಸಾಲು. ಊರ ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ, ದನ ಬಿಡಿಸಿ, ಪ್ರಾಣ ಕೊಟ್ಟವರ ಕಲ್ಲುಗಳು ಅವು. ಕೆಳಗಿನ ಪಟ್ಟಿಕೆಯಲ್ಲಿ ದನಗಳೂ ಕಾಳಗವೂ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ಅವನೇ. ಬಳ್ಳಿಗಾವಿಯ ಕೇದಾರೇಶ್ವರನನ್ನು ನೋಡಲು ಬಂದವರು ಊರಂಚಿನ ಇಂಥ ಕಲ್ಲುಗಳ ಮುಂದೆಯೂ ಎರಡು ನಿಮಿಷ ನಿಲ್ಲಬೇಕು. ಹೋರಿ ಹಬ್ಬ ನೇರವಾಗಿ ಅಲ್ಲಿಂದ ಬಂತೆಂದು ಹೇಳಲು ಬರುವುದಿಲ್ಲ. ಆದರೆ ದನದ ಎದುರು ನಿಲ್ಲುವ ಗಂಡಸಿಗೆ ಇಲ್ಲಿ ಬಹಳ ಹಿಂದಿನಿಂದ ಮರ್ಯಾದೆ ಇದೆ.

ಆ ಮರ್ಯಾದೆಯ ಹೆಸರಲ್ಲಿ ಇಂದು ಪ್ರಾಣ ಹೋಗುತ್ತಿದೆ ಎಂಬುದನ್ನು ಮುಚ್ಚಿಡಬಾರದು. ಈಚಿನ ವರ್ಷಗಳಲ್ಲಿ ಶಿವಮೊಗ್ಗ, ಹಾವೇರಿ ಜಿಲ್ಲೆಗಳ ಅಖಾಡಗಳಲ್ಲಿ ತಿವಿತಕ್ಕೆ ಸಿಕ್ಕು ಸತ್ತವರಲ್ಲಿ ಹೋರಿ ಹಿಡಿಯಲು ಹೋದವರೂ ಇದ್ದಾರೆ, ಬರೀ ನೋಡಲು ನಿಂತವರೂ ಇದ್ದಾರೆ. ಕಾನೂನಿನ ಹಾದಿಯೂ ಏರಿಳಿತದ್ದೇ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ತಡೆಯಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಹೋರಿ ಓಟಕ್ಕೂ ಎತ್ತಿನಗಾಡಿ ಓಟಕ್ಕೂ ದಾರಿ ಮಾಡಿತು. ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆ ಅದನ್ನೂ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಕೋರ್ಟು ಒಪ್ಪಿತು ಎಂದರೆ ಎಲ್ಲ ಸರಿಹೋಯಿತು ಎಂದಲ್ಲ. ಎರಡೂ ಬದಿಗೆ ಗಟ್ಟಿ ಬೇಲಿ ಇಲ್ಲದ, ಆಂಬುಲೆನ್ಸ್ ನಿಲ್ಲಿಸದ ಅಖಾಡದಲ್ಲಿ ಹೋರಿ ಬಿಡಬಾರದು. ಬಾಲ ತಿರುಚುವವರನ್ನು, ಮದ್ಯ ಕುಡಿಸುವವರನ್ನು ಸಮಿತಿಯೇ ಹೊರಗೆ ಹಾಕಬೇಕು. ಹೋರಿಯನ್ನು ನಿಜವಾಗಿ ಪ್ರೀತಿಸುವವರಿಗೆ ಇದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಇಲ್ಲಿ ಜಪಾನಿನ ಯಮಕೋಶಿಯ ವಿಷಯ ಹೇಳಲೇಬೇಕು. ನೀಗಾತಾ ಪ್ರಾಂತ್ಯದ ಹಿಮದ ಬೆಟ್ಟಗಳ ನಡುವಿನ ಊರು. ಅಲ್ಲಿಯೂ ಹೋರಿ ಕಾಳಗ ತಲೆತಲಾಂತರದ್ದು. ಹತ್ತೊಂಬತ್ತನೇ ಶತಮಾನದ ಕಾದಂಬರಿಕಾರ ಬಾಕಿನ್ ತನ್ನ ದೊಡ್ಡ ಕಥೆಯೊಂದರಲ್ಲಿ ಅದನ್ನು ತಂದಿದ್ದಾನೆ. ಎರಡು ಹೋರಿಗಳು ಕೋಡಿಗೆ ಕೋಡು ಕೊಟ್ಟು ನಿಲ್ಲುತ್ತವೆ, ಆದರೆ ಸಾಮಾನ್ಯವಾಗಿ ಸೋಲು ಗೆಲುವು ತೀರ್ಮಾನ ಆಗಲು ಬಿಡುವುದಿಲ್ಲ. ಕಾವೇರಿದ ಹೊತ್ತಿಗೆ ಸೆಕೊ ಎನ್ನುವ ಆಳುಗಳು ನುಗ್ಗಿ ಕಾಲಿಗೆ ಹಗ್ಗ ಹಾಕಿ ಎಳೆದು ಎರಡನ್ನೂ ಬೇರೆ ಮಾಡುತ್ತಾರೆ. ಸೋತ ಹೋರಿ ಮತ್ತೆ ಕಾದಾಡಲು ಅಂಜುತ್ತದೆ, ಆ ಅವಮಾನ ಯಾವ ಹೋರಿಗೂ ಬೇಡ ಎಂಬುದು ಲೆಕ್ಕ. 2004ರ ಅಕ್ಟೋಬರ್ 23ರ ಭೂಕಂಪದಲ್ಲಿ ದಾರಿಗಳೆಲ್ಲ ಕುಸಿದು ಊರಿಗೆ ಊರೇ ಹೆಲಿಕಾಪ್ಟರ್ ಏರಿ ಹೊರಬೀಳಬೇಕಾಯಿತು. ಜನ ತಮ್ಮ ಹೋರಿಗಳನ್ನೂ ಹೆಲಿಕಾಪ್ಟರಿಗೆ ತೂಗುಹಾಕಿ ಹೊರಗೆ ತಂದರು. ಮುಂದೆ ಕಾಳಗ ಮತ್ತೆ ಶುರುವಾಯಿತು. ಯಮಕೋಶಿಯೂ ದುಡಿಯಲು ಪಟ್ಟಣಕ್ಕೆ ಹೋದವರು ಹಬ್ಬಕ್ಕೆ ಮರಳುವ ಊರು. ನಮ್ಮ ಹುಡುಗರು ಜಪಾನಿಗೆ ಹೋದರೆ ಟೋಕಿಯೊ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳಲಿ, ಯಮಕೋಶಿಗೂ ಒಮ್ಮೆ ಹೋಗಿ ಬರಲಿ. ಅಲ್ಲಿಯ ಮುದುಕರ ಜೊತೆ ಹೋರಿಯ ಕಾಲು, ಕೋಡು, ಕಣ್ಣಿನ ಬಗ್ಗೆ ಮಾತಾಡಲು ಎನ್4 ಮಟ್ಟದ ಭಾಷೆ ಸಾಕು.

ಯಮಕೋಶಿಯಲ್ಲಿ ಹೆಂಗಸರು ಕಾಳಗದ ಕಣಕ್ಕೆ ಕಾಲಿಡುವಂತಿರಲಿಲ್ಲ. 2018ರ ಮೇ ತಿಂಗಳಲ್ಲಿ ಆ ಕಟ್ಟಳೆ ಸಡಿಲವಾಯಿತು, ಹೋರಿಯ ಒಡತಿಯೊಬ್ಬಳು ತನ್ನ ಹೋರಿಯನ್ನು ತಾನೇ ಕಣದಲ್ಲಿ ನಡೆಸಿದಳು. ನಮ್ಮ ಕಡೆಯ ಹೆಂಗಸರ ಸಂಗತಿ ಇದಕ್ಕಿಂತ ಗಟ್ಟಿಯಾಗಿ ಕೇಳಬೇಕಾದದ್ದು. ಮಗ ಬಿಡದಿಯಲ್ಲೋ ಮಸ್ಕತ್ತಿನಲ್ಲೋ ಇರುವಾಗ ಬೆಳಗಿನ ಜಾವ ಎದ್ದು ಹುರುಳಿ ಬೇಯಿಸಿ ಗೋದಲಿಗೆ ಹಾಕುವವಳು ತಾಯಿ. ಸೆಗಣಿ ಬಾಚುವವಳು, ಹುಲ್ಲು ಹೊರುವವಳು, ಗೊರಸು ಕುಂಟಿದರೆ ಮೊದಲು ಕಾಣುವವಳು ಅವಳು. ದೀಪಾವಳಿಗೆ ಮೊದಲು ಬರುವ ಭೂಮಿ ಹುಣ್ಣಿಮೆಯಲ್ಲಿ ದೀವರ ಮನೆಗಳ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರಲ್ಲ, ಆ ಕೈಗಳೇ ಸಂಜೆ ಹೋರಿಯ ಮೈ ಉಜ್ಜುತ್ತವೆ. ಮಗ ವಿಡಿಯೊ ಕಾಲ್ ಮಾಡಿದರೆ ಅವಳು ಫೋನನ್ನು ಹೋರಿಯ ಮುಖಕ್ಕೆ ಹಿಡಿಯುತ್ತಾಳೆ. ತನ್ನ ಮುಖ ತೋರಿಸುವುದು ಆಮೇಲೆ.

ಹೋರಿ ಗೆದ್ದಾಗ ಮೈಕಿನಲ್ಲಿ ಕೂಗುವುದು ಮಗನ ಹೆಸರು. ಅಖಾಡದ ಹತ್ತಿರವೂ ಆ ತಾಯಿ ಇರುವುದಿಲ್ಲ, ಮನೆಯಲ್ಲಿ ಹಬ್ಬದಡಿಗೆ ಮಾಡುತ್ತಿರುತ್ತಾಳೆ. ಹೋರಿ ಹಬ್ಬದ ಸಮಿತಿಗಳು ಬೇಲಿ ಕಟ್ಟಿಸುವ ಲೆಕ್ಕ ಹಾಕುವಾಗ ಹೆಂಗಸರು ನೆಮ್ಮದಿಯಾಗಿ ಕೂತು ನೋಡುವ ಒಂದು ಅಟ್ಟಣಿಗೆಯನ್ನೂ ಲೆಕ್ಕಕ್ಕೆ ಸೇರಿಸಲಿ. ಹೆಸರು ನೋಂದಾಯಿಸುವ ಪುಸ್ತಕದಲ್ಲಿ ಹೋರಿಯ ಮಾಲೀಕ ಎಂಬ ಸಾಲಿನ ಕೆಳಗೆ ಹೋರಿ ಸಾಕಿದವರು ಎಂಬ ಇನ್ನೊಂದು ಸಾಲು ಬರಲಿ, ಬಹುಮಾನ ತೆಗೆದುಕೊಳ್ಳಲು ಮೊದಲು ಆ ಹೆಸರನ್ನು ಕೂಗಲಿ. ಜಪಾನಿನ ಕೋಣೆಯಲ್ಲಿ ಕೂತು ನೋಡುತ್ತಿರುವ ಮಗ ಬೇಡ ಎನ್ನುವುದಿಲ್ಲ.