ದಿನಸಿ ಅಂಗಡಿಯ ಗಲ್ಲಾದ ಆಚೆ-ಈಚೆ: ಸಾಂಕ್ರಾಮಿಕ ಕಾಲದ ಸುರಕ್ಷೆ

2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದಾಗ ಮುಂಬಯಿ ಮಹಾನಗರದ ಅನೇಕ ಗೃಹಸ್ಥರು ಮೊದಲು ಮಾಡಿದ ಕೆಲಸವೆಂದರೆ ಕೈಚೀಲ ಹಿಡಿದು ಕಟ್ಟಡದ ಕೆಳಗಿನ ದಿನಸಿ ಅಂಗಡಿಯತ್ತ ಧಾವಿಸಿದ್ದು. ನಾವೂ ಆ ಗುಂಪಿನಲ್ಲಿದ್ದೆವು. ಅಕ್ಕಿ, ತೊಗರಿಬೇಳೆ, ಹಾಲಿನ ಪುಡಿ ಎಂದು ಎಲ್ಲರೂ ಏಕಕಾಲಕ್ಕೆ ಕೂಗುತ್ತಿದ್ದರೆ ಅಂಗಡಿಯ ಹುಡುಗರು ಬೆವರೊರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಸಾಮಾನು ಕಟ್ಟಿ ಕೊಡುತ್ತಿದ್ದರು. ಅವರ ಮುಖದ ಮೇಲೂ ಮಾಸ್ಕ್ ಇರಲಿಲ್ಲ, ನಮ್ಮ ಮುಖದ ಮೇಲೂ ಇರಲಿಲ್ಲ. ನಾಲ್ಕಾರು ದಿನಗಳಲ್ಲಿ ಅಂಗಡಿಯ ಮುಂದೆ ಸುಣ್ಣದ ವೃತ್ತಗಳು ಮೂಡಿದವು, ಬಾಗಿಲಿಗೆ ಅಡ್ಡಲಾಗಿ ಹಗ್ಗ ಬಿಗಿಯಲಾಯಿತು. ಮನೆಗೆ ತಂದ ಪ್ರತಿಯೊಂದು ಪೊಟ್ಟಣವನ್ನೂ ನಾವು ಸೋಪಿನ ನೀರಿನಲ್ಲಿ ಒರೆಸಿದೆವು, ತರಕಾರಿಯನ್ನು ಉಪ್ಪುನೀರಿನಲ್ಲಿ ಅದ್ದಿಟ್ಟೆವು, ದಿನಪತ್ರಿಕೆಗೆ ಇಸ್ತ್ರಿ ಹಾಕಿದವರನ್ನೂ ಕಂಡೆವು.

ಆ ಕಾಲ ಸಂದುಹೋಗಿದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೂ ಅಂದು ಕೈಗೊಂಡ ಕ್ರಮಗಳಲ್ಲಿ ಯಾವುದು ಯಾರನ್ನು ಕಾಪಾಡಿತು ಎಂಬ ಲೆಕ್ಕವನ್ನು ನಮ್ಮ ಓದುಗ ಬಾಂಧವರೊಡನೆ ಕೂತು ನೋಡುವುದು ಅಗತ್ಯವೆಂದು ನಮಗೆ ತೋರಿದೆ. ಏಕೆಂದರೆ ಅಂದಿನ ನಮ್ಮ ಎಚ್ಚರಿಕೆಗಳೆಲ್ಲ ಬಹುಮಟ್ಟಿಗೆ ಗಿರಾಕಿಯ ಎಚ್ಚರಿಕೆಗಳು. ಗಲ್ಲಾದ ಈಚೆ ನಿಂತ ನಾವು ಹತ್ತು ನಿಮಿಷದಲ್ಲಿ ಮನೆಗೆ ಮರಳುತ್ತಿದ್ದೆವು. ಆಚೆ ನಿಂತವನಾದರೋ ದಿನವಿಡೀ ಅಲ್ಲಿಯೇ ಇರುತ್ತಿದ್ದನು.

ರೋಗ ಹರಡುವ ಬಗೆಯನ್ನು ತಿಳಿಯದೆ ಮದ್ದು ಹುಡುಕಿದರೆ ಏನಾಗುತ್ತದೆಂಬುದಕ್ಕೆ ಇದೇ ಮುಂಬಯಿಯಲ್ಲಿ ಹಳೆಯದೊಂದು ನಿದರ್ಶನವಿದೆ. 1896ರಲ್ಲಿ ಪ್ಲೇಗ್ ಮಹಾಮಾರಿ ಮೊದಲು ಕಾಣಿಸಿಕೊಂಡದ್ದು ಬಂದರಿನ ಸನಿಹದ ಮಾಂಡ್ವಿಯಲ್ಲಿ, ಧಾನ್ಯದ ಗೋದಾಮುಗಳ ನಡುವೆ. ಅಧಿಕಾರಿಗಳು ಚರಂಡಿಗಳಿಗೆ ನೀರು ಹಾಯಿಸಿದರು, ಮನೆಗಳಿಗೆ ಕಾರ್ಬಾಲಿಕ್ ಆಮ್ಲ ಎರಚಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಫ್ರೆಂಚ್ ವಿಜ್ಞಾನಿ ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಅದನ್ನು ಲೋಕ ಒಪ್ಪಲು ಮತ್ತೂ ಹಲವು ವರ್ಷಗಳು ಹಿಡಿದವು. ಅಷ್ಟರವರೆಗೆ ಗೋಡೆಗಳು ಬೆಳ್ಳಗಾಗುತ್ತಿದ್ದವು, ಇಲಿಗಳು ಧಾನ್ಯದ ಮೂಟೆಗಳಲ್ಲಿ ಓಡಾಡಿಕೊಂಡಿದ್ದವು.

ಕೋವಿಡ್‌ನ ಆರಂಭದಲ್ಲಿಯೂ ಇಂಥದೇ ದಾರಿ ತಪ್ಪುವಿಕೆ ನಡೆಯಿತು. ಪ್ಲಾಸ್ಟಿಕ್ಕಿನ ಮೇಲೆ ಈ ವೈರಾಣು 72 ಗಂಟೆಗಳವರೆಗೆ, ರಟ್ಟಿನ ಮೇಲೆ 24 ಗಂಟೆಗಳವರೆಗೆ ಉಳಿಯಬಲ್ಲದೆಂಬ ಪ್ರಯೋಗಾಲಯದ ವರದಿ 2020ರ ಮಾರ್ಚ್‌ನಲ್ಲಿ ಹೊರಬಿತ್ತು. ಅದೇ ವರದಿಯಲ್ಲಿ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಲ್ಲಿಯೂ ಅದು ಮೂರು ಗಂಟೆ ಜೀವಂತವಿದ್ದ ಸಂಗತಿ ಇತ್ತು. ಜನರು ಮೊದಲನೆಯದನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ಗಾಳಿಯ ಮೂಲಕ ಹರಡುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕೆಂದು 2020ರ ಜುಲೈನಲ್ಲಿ 239 ಮಂದಿ ವಿಜ್ಞಾನಿಗಳು ಬಹಿರಂಗ ಪತ್ರ ಬರೆಯಬೇಕಾಯಿತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ಸೋಂಕು ತಗಲಿದ ವಸ್ತುವನ್ನು ಒಮ್ಮೆ ಮುಟ್ಟಿದ್ದರಿಂದ ರೋಗ ಬರುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ತಿಳಿಸಿತು. ಅಂದರೆ ನಾವು ಬಿಸ್ಕತ್ತಿನ ಪೊಟ್ಟಣವನ್ನು ಉಜ್ಜಿ ತೊಳೆದ ಶ್ರಮದ ಬಹುಪಾಲು ವ್ಯರ್ಥವಾಗಿತ್ತು. ಕೈ ತೊಳೆಯುವುದು ಮಾತ್ರ ಯಾವ ಕಾಲಕ್ಕೂ ವ್ಯರ್ಥವಲ್ಲ. ಬೇರೆ ಹತ್ತು ರೋಗಗಳನ್ನಾದರೂ ಅದು ದೂರವಿಡುತ್ತದೆ.

ಮಾತನಾಡುವಾಗ, ಕೂಗುವಾಗ, ಸುಮ್ಮನೆ ಉಸಿರಾಡುವಾಗಲೂ ನಮ್ಮ ಬಾಯಿ-ಮೂಗುಗಳಿಂದ ಅತಿ ಸಣ್ಣ ತೇವದ ಕಣಗಳು ಹೊರಡುತ್ತವೆ. ದೊಡ್ಡವು ನೆಲಕ್ಕೆ ಬೀಳುತ್ತವೆ. ಸಣ್ಣವು ಅಗರಬತ್ತಿಯ ಹೊಗೆಯಂತೆ ತೇಲುತ್ತ, ಗಾಳಿಯಾಡದ ಕೋಣೆಯಲ್ಲಿ ಹೊತ್ತು ಕಳೆದಂತೆಲ್ಲ ದಟ್ಟವಾಗುತ್ತವೆ. ಬಯಲಿನಲ್ಲಿ ಆ ಹೊಗೆ ಕ್ಷಣಾರ್ಧದಲ್ಲಿ ಚದುರಿಹೋಗುತ್ತದೆ. ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದಿನಸಿ ಅಂಗಡಿಯನ್ನೊಮ್ಮೆ ನೋಡಬೇಕು. ಮುಂದೆ ಒಂದು ಶಟರ್. ಉಳಿದ ಮೂರು ಕಡೆ ಸೂರಿನವರೆಗೆ ಡಬ್ಬಿ, ಮೂಟೆ, ಪೆಟ್ಟಿಗೆಗಳು. ಹಿಂಗೋಡೆಯಲ್ಲಿ ಕಿಟಕಿ ಇದ್ದರೂ ಅದರ ಮುಂದೆ ಎಣ್ಣೆಯ ಡಬ್ಬಗಳನ್ನು ಪೇರಿಸಿರುತ್ತಾರೆ. ಗಿರಾಕಿಯು ಬೀದಿಯ ಗಾಳಿಯಲ್ಲಿ ನಿಂತಿರುತ್ತಾನೆ, ತೂಗುವ ಹುಡುಗನು ಎಲ್ಲರ ಉಸಿರು ಸೇರುವ ಆ ಒಳಗಿನ ಮೂಲೆಯಲ್ಲಿರುತ್ತಾನೆ. ಹೀಗಾಗಿ ಗಲ್ಲಾದ ಎದುರು ನಿಂತು ವ್ಯವಹರಿಸುವ ಪದ್ಧತಿಯ ಹಳೆಯ ಅಂಗಡಿ ಗಿರಾಕಿಯ ಮಟ್ಟಿಗೆ ಹವಾನಿಯಂತ್ರಿತ ಸೂಪರ್ ಮಾರ್ಕೆಟ್ಟಿಗಿಂತ ಕ್ಷೇಮವೆಂದೇ ನಮ್ಮ ಅಭಿಪ್ರಾಯ. ಕೆಲಸಗಾರನ ಮಟ್ಟಿಗೆ ಹಾಗೆನ್ನಲಾಗದು.

ಇದು ಬರಿಯ ಊಹೆಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ದಿನಸಿ ಮಳಿಗೆಯ 104 ಮಂದಿ ಕೆಲಸಗಾರರನ್ನು 2020ರ ಮೇ ತಿಂಗಳಲ್ಲಿ ಪರೀಕ್ಷಿಸಿದಾಗ 21 ಮಂದಿಗೆ, ಅಂದರೆ ಐವರಲ್ಲಿ ಒಬ್ಬರಿಗೆ, ಸೋಂಕು ಇತ್ತು. ಗಿರಾಕಿಗಳೊಡನೆ ನೇರ ವ್ಯವಹಾರವಿದ್ದವರಿಗೆ ಸೋಂಕಿನ ಸಂಭವ ಇತರರಿಗಿಂತ ಐದು ಪಟ್ಟು ಹೆಚ್ಚಿತ್ತು. ಸೋಂಕಿತರಲ್ಲಿ ಮುಕ್ಕಾಲು ಪಾಲು ಜನರಿಗೆ ಯಾವ ಲಕ್ಷಣವೂ ಇರಲಿಲ್ಲ. ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಬಾಗಿಲಲ್ಲಿ ನಿಂತು ಹಣೆಗೆ ಗುರಿಯಿಟ್ಟು ಜ್ವರ ಅಳೆಯುತ್ತಿದ್ದ ಆ ಯಂತ್ರವು ಇವರಲ್ಲಿ ಹೆಚ್ಚಿನವರನ್ನು ಯಾವ ಅಡ್ಡಿಯೂ ಇಲ್ಲದೆ ಒಳಗೆ ಬಿಡುತ್ತಿತ್ತು.

ಹಾಗಾದರೆ ಅಂಗಡಿಯಲ್ಲಿ ಆಗಬೇಕಾದುದೇನು? ಮೊದಲನೆಯದು ಗಾಳಿ. ಹಿಂಗೋಡೆಯ ಕಿಟಕಿಯ ಮುಂದಿನ ಡಬ್ಬಗಳನ್ನು ಸರಿಸಿ, ಅಲ್ಲಿ ಹೊರಕ್ಕೆ ಗಾಳಿ ತಳ್ಳುವ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಶಟರಿನ ಕಡೆಯಿಂದ ಹೊಸ ಗಾಳಿ ತಾನಾಗಿ ಒಳಬರುತ್ತದೆ. ಆದರೆ ಆ ಗಾಳಿ ಗಿರಾಕಿಯ ಮುಖವನ್ನು ಸವರಿ ಹುಡುಗನ ಮುಖಕ್ಕೆ ಬಡಿಯದಂತೆ ಅವನು ನಿಲ್ಲುವ ಜಾಗವನ್ನು ಪಕ್ಕಕ್ಕೆ ಮಾಡಿಕೊಳ್ಳಬೇಕು. ಗಲ್ಲಾದ ಮೇಲೆ ಬೀದಿಗೆ ಬೆನ್ನುಹಾಕಿ ಇಡುವ ಮೇಜಿನ ಫ್ಯಾನು ಇದೇ ಕಾರಣಕ್ಕೆ ಅಪಾಯಕಾರಿ. ಗೋಡೆಯ ಮೇಲಿನ ಎ.ಸಿ. ಹೊಸ ಗಾಳಿಯನ್ನು ತರುವುದಿಲ್ಲ, ಇದ್ದ ಗಾಳಿಯನ್ನೇ ತಣ್ಣಗಾಗಿಸಿ ಸುತ್ತಿಸುತ್ತದೆ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಒಂದು ಉಪಾಹಾರ ಗೃಹದಲ್ಲಿ ಎ.ಸಿ.ಯ ಗಾಳಿಯ ಹಾದಿಯಲ್ಲಿ ಕುಳಿತಿದ್ದ ಮೂರು ಕುಟುಂಬಗಳ ಹತ್ತು ಜನರಿಗೆ ಸೋಂಕು ತಗಲಿದ ಪ್ರಸಂಗ ಆಗ ಬಹಳ ಚರ್ಚಿತವಾಗಿತ್ತು. ಗಲ್ಲಾದ ಮುಂದೆ ಇಳಿಬಿಟ್ಟ ಪ್ಲಾಸ್ಟಿಕ್ ಪರದೆ ಎದುರಿಗೆ ಸಿಡಿಯುವ ಹನಿಗಳನ್ನು ತಡೆಯುತ್ತದೆ. ಆದರೆ ತೇಲುವ ಕಣಗಳು ಅದರ ಬದಿಯಿಂದ ನುಸುಳುತ್ತವೆ, ಮೂರೂ ಕಡೆ ಪರದೆ ಬಿಗಿದರೆ ಒಳಗಿನ ಗಾಳಿ ಇನ್ನಷ್ಟು ಮಡುಗಟ್ಟುತ್ತದೆ.

ಎರಡನೆಯದು ಮಾಸ್ಕ್. ಬೃಹನ್ಮುಂಬಯಿ ಮಹಾನಗರ ಪಾಲಿಕೆಯು ಸಾರ್ವಜನಿಕ ಸ್ಥಳಗಳಲ್ಲಿ ಅದನ್ನು ಕಡ್ಡಾಯಗೊಳಿಸಿದ್ದು 2020ರ ಏಪ್ರಿಲ್ 8ರಂದು. ಗದ್ದಕ್ಕೆ ಇಳಿಬಿಟ್ಟ ಬಟ್ಟೆಯ ತುಂಡನ್ನು ಮಾಸ್ಕ್ ಎನ್ನಲಾಗದು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಮುಖಕ್ಕೆ ಸರಿಯಾಗಿ ಹೊಂದುವ ಎನ್-95 ಮಾಸ್ಕ್ ತೊಟ್ಟವನನ್ನೇ ಕಾಪಾಡುತ್ತದೆ. ಆದ್ದರಿಂದ ದುಬಾರಿ ಮಾಸ್ಕ್ ಒಂದೇ ಇದ್ದರೆ ಅದು ಹತ್ತು ನಿಮಿಷ ನಿಲ್ಲುವ ಗಿರಾಕಿಗಿಂತ ಇಡೀ ದಿನ ನಿಲ್ಲುವ ಕೆಲಸಗಾರನಿಗೆ ಸಲ್ಲಬೇಕು. ಕವಾಟವಿರುವ ಎನ್-95 ಹೊರಬಿಡುವ ಉಸಿರನ್ನು ಸೋಸುವುದಿಲ್ಲ. ಕೈಗವಸಿನ ಬಗ್ಗೆ ನಮಗೆ ಅಷ್ಟು ವಿಶ್ವಾಸವಿಲ್ಲ. ಅದೇ ಕೈಗವಸಿನಲ್ಲಿ ಬೆಲ್ಲ ತೂಗಿ, ನೋಟು ಎಣಿಸಿ, ಮೂಗು ಒರೆಸಿಕೊಂಡವರನ್ನು ನಾವು ಕಂಡಿದ್ದೇವೆ.

ಮೂರನೆಯದು ಜನಸಂದಣಿ. ಅಂಗಡಿಯಲ್ಲಿ ಒಮ್ಮೆಗೆ ಐವರಿಗಿಂತ ಹೆಚ್ಚು ಜನ ಇರಬಾರದು, ಆರು ಅಡಿ ಅಂತರವಿರಬೇಕು ಎಂದು ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಿತ್ತು. ಈ ಸೂಚನೆ ಸರಿಯಾದುದೇ. ಆದರೆ ಎರಡನೆಯ ಅಲೆಯ ವೇಳೆ ಮಹಾರಾಷ್ಟ್ರದಲ್ಲಿ 2021ರ ಏಪ್ರಿಲ್ 20ರಿಂದ ದಿನಸಿ ಅಂಗಡಿಗಳು ಬೆಳಿಗ್ಗೆ 7ರಿಂದ 11ರವರೆಗೆ ಮಾತ್ರ ತೆರೆದಿರಬೇಕೆಂಬ ಆಜ್ಞೆ ಬಂತು. ಹದಿನಾಲ್ಕು ಗಂಟೆಗಳಲ್ಲಿ ಹಂಚಿಹೋಗುತ್ತಿದ್ದ ಗಿರಾಕಿಗಳು ನಾಲ್ಕು ಗಂಟೆಗಳಲ್ಲಿ ಬಂದು ಸೇರಿದರು. ಜನರನ್ನು ಮನೆಯಲ್ಲಿ ಕೂರಿಸುವುದು ಆ ಆಜ್ಞೆಯ ಉದ್ದೇಶವೆಂಬುದು ನಮಗೆ ಗೊತ್ತು, ಮನೆಬಾಗಿಲಿಗೆ ತಲುಪಿಸಲು ಸಂಜೆಯವರೆಗೆ ಅನುಮತಿಯೂ ಇತ್ತು. ಆದರೂ ಹತ್ತೂವರೆಯ ಹೊತ್ತಿಗೆ ಅಂಗಡಿಗಳ ಮುಂದೆ ನೆರೆಯುತ್ತಿದ್ದ ಜನರನ್ನು ಕಂಡವರಿಗೆ, ಅವಧಿಯನ್ನು ಹಿಗ್ಗಿಸಿ ಜನರನ್ನು ಚದುರಿಸುವುದೇ ಮೇಲಾಗಿತ್ತೆಂದು ಅನ್ನಿಸದಿರದು. ಆಸ್ಟ್ರೇಲಿಯಾ, ಬ್ರಿಟನ್‌ಗಳ ದೊಡ್ಡ ಮಳಿಗೆಗಳು 2020ರ ಮಾರ್ಚ್‌ನಲ್ಲಿಯೇ ಬೆಳಗಿನ ಕೆಲವು ವೇಳೆಯನ್ನು ಹಿರಿಯ ನಾಗರಿಕರಿಗೆ ಮೀಸಲಿಟ್ಟಿದ್ದವು. ನಮ್ಮಲ್ಲಿಯೂ ಕೆಲವು ಅಂಗಡಿಯವರು ಮುನ್ನಾದಿನವೇ ವಾಟ್ಸಾಪ್‌ನಲ್ಲಿ ಚೀಟಿ ತರಿಸಿಕೊಂಡು, ಸಾಮಾನು ಕಟ್ಟಿಟ್ಟು, ಇಂಥ ಹೊತ್ತಿಗೆ ಬನ್ನಿ ಎಂದು ಹೇಳಿಕಳುಹಿಸುತ್ತಿದ್ದರು. ಯಾರ ಆಜ್ಞೆಯೂ ಇಲ್ಲದೆ ಹುಟ್ಟಿದ ಈ ಏರ್ಪಾಡೇ ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು.

ಚಿಲ್ಲರೆ ಅಂಗಡಿಗೆ ಸರಕು ಬರುವ ಸಗಟು ಮಾರುಕಟ್ಟೆಯ ಕಥೆ ಇನ್ನೂ ಕಠಿಣವಾದುದು. ಚೆನ್ನೈಯ ಕೋಯಂಬೇಡು ಮಾರುಕಟ್ಟೆಯಲ್ಲಿ ಸೋಂಕು ಹಬ್ಬಿ 2020ರ ಮೇ 5ರಂದು ಅದನ್ನು ಮುಚ್ಚಬೇಕಾಯಿತು. ತರಕಾರಿ ವ್ಯಾಪಾರವನ್ನು ಊರಾಚೆಯ ತಿರುಮಳಿಸೈಯ ಬಯಲಿಗೆ ಸಾಗಿಸಲಾಯಿತು. ಅದೇ ಮೇ ತಿಂಗಳಲ್ಲಿ ನವಿ ಮುಂಬಯಿಯ ವಾಶಿಯ ಎ.ಪಿ.ಎಂ.ಸಿ. ಮಾರುಕಟ್ಟೆಯೂ ಒಂದು ವಾರ ಬಾಗಿಲು ಹಾಕಿತ್ತು. ಹೆಗಲ ಮೇಲೆ ಮೂಟೆ ಹೊತ್ತು ಏದುಸಿರು ಬಿಡುವ ಹಮಾಲನಿಗೆ ಮಾಸ್ಕ್ ತೊಟ್ಟುಕೋ ಎನ್ನುವುದು ಸುಲಭ, ಅವನು ತೊಟ್ಟು ದುಡಿಯುವುದು ಸುಲಭವಲ್ಲ. ಅಲ್ಲಿ ಬಯಲಿಗೆ ಸ್ಥಳಾಂತರಿಸುವುದು, ಪಾಳಿ ಹಂಚುವುದು, ಲಾರಿಗಳನ್ನು ಬೇರೆ ಬೇರೆ ವೇಳೆಗೆ ಒಳಬಿಡುವುದು ಇವೇ ನಿಜವಾದ ಉಪಾಯಗಳು.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಆದರೆ ಯಾವ ಫಲಕದಲ್ಲಿಯೂ ಕಾಣದ ಕ್ರಮವೆಂದರೆ ಸಂಬಳ ಕಡಿತವಿಲ್ಲದ ರಜೆ. ಮೈ ಬಿಸಿಯಾದ ಹುಡುಗನು ಅದನ್ನು ಹೇಳಿದರೆ ದಿನಗೂಲಿ ಹೋಗುವುದೆಂದಾದರೆ ಅವನು ಹೇಳುವುದಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ ಎಂಟು ದಿನಗಳ ಸಾಂದರ್ಭಿಕ ರಜೆಗೆ ಅವಕಾಶವಿತ್ತಾದರೂ, ಸಾಂಕ್ರಾಮಿಕದ ವೇಳೆಗೆ ಅದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಮೂವರು ಹುಡುಗರ ಅಂಗಡಿ ಅದರ ಹೊರಗೇ ಉಳಿಯಿತು. ಲಸಿಕೆಯ ಸರದಿಯಲ್ಲಿಯೂ ಹೀಗೇ ಆಯಿತು. ಅಮೆರಿಕದ ಲಸಿಕಾ ಸಲಹಾ ಸಮಿತಿಯು 2020ರ ಡಿಸೆಂಬರ್‌ನಲ್ಲಿ ದಿನಸಿ ಅಂಗಡಿಯ ಕೆಲಸಗಾರರನ್ನು ಮುಂಚೂಣಿಯವರ ಸಾಲಿಗೆ ಸೇರಿಸಲು ಶಿಫಾರಸು ಮಾಡಿತು. ನಮ್ಮಲ್ಲಿ 2021ರ ಆರಂಭದ ಪಟ್ಟಿಗಳಲ್ಲಿ ಆರೋಗ್ಯ ಸಿಬ್ಬಂದಿ, ಪೊಲೀಸರು, ಪೌರಕಾರ್ಮಿಕರು ಇದ್ದರು. ಅಂಗಡಿಯ ಹುಡುಗನಿಗೆ 18 ದಾಟಿದ ಎಲ್ಲರಿಗೂ ಬಾಗಿಲು ತೆರೆದ ಮೇ 1ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎರಡನೆಯ ಅಲೆ ಮೈಮೇಲೆ ಬಂದಾಗಿತ್ತು.

ಹೊರನಾಡ ಕನ್ನಡಿಗರಾದ ನಮಗೆ ಈ ಹುಡುಗರು ಅಪರಿಚಿತರಾಗಬಾರದು. ನಮ್ಮಲ್ಲಿ ಅನೇಕರ ಹಿರಿಯರು ಊರು ಬಿಟ್ಟು ಮುಂಬಯಿಗೆ ಬಂದು ಹೋಟೆಲು, ಅಂಗಡಿಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ದುಡಿದಲ್ಲಿಯೇ ಚಾಪೆ ಹಾಸಿ ಮಲಗಿದವರು. ಇಂದು ಅದೇ ಅಟ್ಟದ ಮೇಲೆ ಬೇರೆ ಪ್ರಾಂತ್ಯದ ಹುಡುಗರು ಮಲಗುತ್ತಾರೆ. ಒಬ್ಬನಿಗೆ ಸೋಂಕಾದರೆ ಮಿಕ್ಕವರಿಗೆ ಬೇರೆ ಕೋಣೆಯೆಲ್ಲಿ? ಇಂಥಲ್ಲಿ ಕಟ್ಟಡದ ಸೊಸೈಟಿಯು ಖಾಲಿ ಇರುವ ತನ್ನ ಕಚೇರಿ ಕೋಣೆಯನ್ನು ಹತ್ತು ದಿನ ಬಿಟ್ಟುಕೊಟ್ಟರೆ ಅದು ಸಾವಿರ ಬಾಟಲಿ ಸ್ಯಾನಿಟೈಸರಿಗಿಂತ ಹೆಚ್ಚು ಉಪಕಾರ.

ನಮ್ಮ ತಪ್ಪನ್ನೂ ಇಲ್ಲಿ ಹೇಳಬೇಕು. 2020ರ ಬೇಸಿಗೆಯಲ್ಲಿ ಸಾಮಾನು ತರುತ್ತಿದ್ದ ಹುಡುಗನಿಗೆ ನಾವು ಬಾಗಿಲು ತೆರೆಯದೆಯೇ, ಚೀಲ ಅಲ್ಲಿಯೇ ಇಡಪ್ಪಾ ಎನ್ನುತ್ತಿದ್ದೆವು. ಅವನು ಹೋದ ಮೇಲೆ ಚೀಲಕ್ಕೆ ಔಷಧಿ ಸಿಂಪಡಿಸುತ್ತಿದ್ದೆವು. ದಿನಕ್ಕೆ ಎಷ್ಟು ಮನೆಗಳ ಮೆಟ್ಟಿಲು ಹತ್ತುತ್ತೀ, ಬದಲಿ ಮಾಸ್ಕ್ ಇದೆಯೇ ಎಂದು ಒಮ್ಮೆಯೂ ಕೇಳಲಿಲ್ಲ. 2021ರ ಏಪ್ರಿಲ್‌ನಲ್ಲಿ ಅವನು ಮೂರು ವಾರ ಕಾಣಿಸಲಿಲ್ಲ. ಮರಳಿದಾಗ ಎರಡನೆಯ ಮಹಡಿಗೇ ಕೂತು ಸುಧಾರಿಸಿಕೊಳ್ಳುತ್ತಿದ್ದನು. ಆಮೇಲೆ ಕಟ್ಟಡದವರು ಕೂಡಿ ಮಾಡಿದ್ದು ಇಷ್ಟೇ: ಸಾಮಾನನ್ನು ಕೆಳಗಿನ ಕಾವಲುಗಾರನ ಬಳಿ ತೆರೆದ ಜಾಗದಲ್ಲಿ ಇರಿಸುವುದು, ಮನೆಯವರೇ ಇಳಿದು ಒಯ್ಯುವುದು, ಚೀಟಿಯನ್ನು ಹಿಂದಿನ ರಾತ್ರಿ ಕಳುಹಿಸುವುದು, ಎಣಿಸಿದ ಹಣವನ್ನು ಲಕೋಟೆಯಲ್ಲಿಡುವುದು ಇಲ್ಲವೆ ಮೊಬೈಲಿನಲ್ಲಿ ಪಾವತಿಸುವುದು, ಹುಡುಗರಿಗೆ ತಿಂಗಳಿಗೆ ಬೇಕಾಗುವಷ್ಟು ಮಾಸ್ಕ್‌ಗಳನ್ನು ಚಂದಾ ಎತ್ತಿ ಕೊಡುವುದು. ಅಂಗಡಿಯ ಯಜಮಾನರೊಡನೆ ಮಾತನಾಡಿ ಹಿಂಗೋಡೆಗೆ ಫ್ಯಾನ್ ಕೂರಿಸಲು ಒಪ್ಪಿಸಿದ್ದು ಮಾತ್ರ ಸ್ವಲ್ಪ ಹೆಣಗಾಟದ ಕೆಲಸವಾಗಿತ್ತು. ಎಣ್ಣೆ ಡಬ್ಬ ಇಡುವ ಜಾಗ ಹೋಗುತ್ತದೆಂಬುದು ಅವರ ತಕರಾರು. ಆ ಫ್ಯಾನ್ ಇಂದಿಗೂ ತಿರುಗುತ್ತಿದೆ. ಬ್ಯಾಡಗಿ ಮೆಣಸಿನ ಮೂಟೆ ಬಿಚ್ಚಿದ ದಿನ ಈಗ ಯಾರೂ ಸೀನುವುದಿಲ್ಲವೆಂದು ಯಜಮಾನರೇ ಗಿರಾಕಿಗಳಿಗೆ ಹೇಳುತ್ತಾರೆ.