ಟೆಕ್ಸಾಸ್ ಚಳಿಯಲ್ಲಿ ಒಂದೇ ಕೋಣೆಯ ಸಂಸಾರ

ಮಕ್ಕಳೇ, ಅಮೆರಿಕದ ಟೆಕ್ಸಾಸ್ ರಾಜ್ಯ ನಮ್ಮ ರಾಯಚೂರು, ಕಲಬುರಗಿಯ ಹಾಗೆ ಬಿಸಿಲಿಗೆ ಹೆಸರಾದದ್ದು. ಅಲ್ಲಿ ಮನೆ ಕಟ್ಟುವವರಿಗೆ ಸೆಕೆಯದೇ ಚಿಂತೆ. ಅಂಥ ನಾಡಿಗೆ 2021ರ ಫೆಬ್ರುವರಿಯಲ್ಲಿ ಉತ್ತರ ಧ್ರುವದ ಕಡೆಯ ಗಾಳಿ ನುಗ್ಗಿಬಂತು. ಫೆಬ್ರುವರಿ 16ರ ಬೆಳಿಗ್ಗೆ ಡಲ್ಲಾಸ್ ನಗರದಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಏಳು ದಶಕಗಳಲ್ಲಿ ಆ ಊರು ಅಂಥ ಚಳಿ ಕಂಡಿರಲಿಲ್ಲ.

ಕೊರೋನಾ ಕಾಲ ಅದು. ಊರಿಗೆ ಮರಳುವುದನ್ನು ಮುಂದೂಡುತ್ತಾ ನಾನು ಡಲ್ಲಾಸ್ ಹತ್ತಿರದ ಮಗಳ ಮನೆಯಲ್ಲಿಯೇ ಉಳಿದಿದ್ದೆ. ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು ಮತ್ತು ನಾನು, ನಾಲ್ಕು ಜನ. ಫೆಬ್ರುವರಿ 15ರ ನಸುಕಿನಲ್ಲಿ ಹೋದ ಕರೆಂಟು ನಮಗೆ ಸರಿಯಾಗಿ ಮರಳಿದ್ದು ಎರಡು ದಿನಗಳ ನಂತರ. ಆಗ ಕಲಿತದ್ದನ್ನು ನಿಮಗೂ ಹೇಳೋಣವೆನಿಸಿತು.

ಕರೆಂಟು ಹೋದದ್ದೇಕೆ?

ಚಳಿ ಹೆಚ್ಚಿದಂತೆ ಎಲ್ಲರ ಮನೆಯಲ್ಲೂ ಹೀಟರ್ ಉರಿಯತೊಡಗಿತು. ಒಂದು ಸಣ್ಣ ರೂಮ್ ಹೀಟರ್ 1500 ವ್ಯಾಟ್ ಎಳೆಯುತ್ತದೆ. ಅಷ್ಟರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನು 160ಕ್ಕೂ ಹೆಚ್ಚು ಉರಿಸಬಹುದು! ಬೇಡಿಕೆ ಏರುತ್ತಿದ್ದಾಗಲೇ ಗ್ಯಾಸ್ ಬಾವಿಗಳು, ವಿದ್ಯುತ್ ಸ್ಥಾವರಗಳ ಕೊಳವೆಗಳು, ಕೆಲವು ಗಾಳಿಯಂತ್ರಗಳು ಹೆಪ್ಪುಗಟ್ಟಿ ನಿಂತವು.

ದಿಬ್ಬ ಹತ್ತುವ ಗಾಡಿಯನ್ನು ನೆನೆಸಿಕೊಳ್ಳಿ. ಹೊರೆ ಹೆಚ್ಚಾಗಿ ಎತ್ತುಗಳು ಬಳಲಿದರೆ ಚಕ್ರ ನಿಧಾನವಾಗುತ್ತದೆ. ವಿದ್ಯುತ್ತಿನದೂ ಹಾಗೆಯೇ. ಅಮೆರಿಕದಲ್ಲಿ ಅದು ಸೆಕೆಂಡಿಗೆ 60 ಬಾರಿ ಮಿಡಿಯುತ್ತದೆ, ನಮ್ಮಲ್ಲಿ 50 ಬಾರಿ. ಅಂದು ಆ ಮಿಡಿತ 59.4ಕ್ಕಿಂತ ಕೆಳಗಿಳಿದು ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಅಲ್ಲೇ ಇತ್ತು. ಒಂಬತ್ತು ನಿಮಿಷವಾಗಿದ್ದರೆ ಉಳಿದ ಸ್ಥಾವರಗಳೂ ಒಂದೊಂದಾಗಿ ನಿಂತು ಇಡೀ ಜಾಲವೇ ಕುಸಿಯಬಹುದಿತ್ತು. ಅದನ್ನು ತಪ್ಪಿಸಲು ಬೇಕೆಂದೇ ಮನೆಗಳ ಕರೆಂಟು ತೆಗೆದರು. ಹೀಗೆ ಕತ್ತಲಾದ ಮನೆಗಳು ಸುಮಾರು 45 ಲಕ್ಷ.

ಮಗಳ ಮನೆಯ ಹೀಟರ್ ಗ್ಯಾಸಿನದು. ಆದರೆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನು ಕರೆಂಟಿನದು! ಹಾಗಾಗಿ ಅದೂ ನಿಂತಿತು.

ಎಲ್ಲರೂ ಒಂದೇ ಕೋಣೆಗೆ

ಮಧ್ಯಾಹ್ನದ ಹೊತ್ತಿಗೆ ಮನೆಯೊಳಗೆ 9 ಡಿಗ್ರಿ. ಅಷ್ಟು ದೊಡ್ಡ ಮನೆಯನ್ನು ಬೆಚ್ಚಗಿಡುವ ಆಸೆ ಬಿಟ್ಟು, ದಕ್ಷಿಣಕ್ಕೆ ಕಿಟಕಿಯಿರುವ ಚಿಕ್ಕ ಕೋಣೆಯೊಂದನ್ನು ಆರಿಸಿಕೊಂಡೆವು. ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿದೆವು. ಬಾಗಿಲ ಸಂದಿಗೆ ಟವೆಲ್ ಸುತ್ತಿ ಇಡುವ ಕೆಲಸ ಮೊಮ್ಮಗಳದು. ಬಿಸಿಲಿರುವಾಗ ಪರದೆ ಸರಿಸಿ, ಹೊತ್ತು ಮುಳುಗುತ್ತಲೇ ಎಳೆದುಬಿಡುತ್ತಿದ್ದೆವು. ನೆಲ ಮೈಯ ಬಿಸಿ ಹೀರುತ್ತದೆಂದು ಹಾಸಿಗೆಯ ಕೆಳಗೂ ಕಂಬಳಿ ಹಾಸಿದೆವು.

ದಪ್ಪ ಕೋಟು ಒಂದಕ್ಕಿಂತ ತೆಳುವಾದ ಮೂರು ಬಟ್ಟೆ ಮೇಲು. ಅವುಗಳ ನಡುವೆ ಸಿಕ್ಕಿಬೀಳುವ ಗಾಳಿಯೇ ಬಿಸಿ ಕಾಯುತ್ತದೆ. ಬಟ್ಟೆ ಒದ್ದೆಯಾದರೆ ಮಾತ್ರ ತಕ್ಷಣ ಬದಲಿಸಬೇಕು. ಟೋಪಿ, ಕಾಲುಚೀಲ ಹಾಕಿಕೊಂಡೇ ಮಲಗಿದೆವು. ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಬಹುದಾಗಿತ್ತು. ಕಿಟಕಿ ತುಸು ತೆರೆದು ಬೇಗಬೇಗ ಗಂಜಿ, ಸಾರು, ಶುಂಠಿ ಕಷಾಯ ಮಾಡಿ ಫ್ಲಾಸ್ಕಿಗೆ ತುಂಬಿ, ಒಲೆ ಆರಿಸಿಬಿಡುತ್ತಿದ್ದಳು ಮಗಳು.

ಒಳಗೆ ಕೆಂಡ ಬೇಡ

“ಅಜ್ಜಿ, ಹಿತ್ತಲಲ್ಲಿರೋ ಇದ್ದಿಲ ಒಲೆ ಒಳಗೆ ತಂದರೆ ಬೆಚ್ಚಗಾಗಲ್ವಾ?” ಎಂದಳು ಮೊಮ್ಮಗಳು. ಹಿಂದೆ ನಮ್ಮ ಊರಲ್ಲಿ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿದ್ದುದು ನನಗೆ ನೆನಪಾಯಿತು. ಹೆಂಚಿನ ಸಂದಿಯಿಂದ ಗಾಳಿಯಾಡುತ್ತಿದ್ದ ಮನೆಗಳವು. ಮಗಳು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದಳು: “ಇದ್ದಿಲು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತೆ ಪುಟ್ಟಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಾಡಿದರೆ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದೇ ಹಿಡಿದುಬಿಡುತ್ತೆ. ನಿದ್ದೆಯಲ್ಲಿರೋರಿಗೆ ಗೊತ್ತೇ ಆಗಲ್ಲ.”

ಆ ಚಳಿಗೆ ಟೆಕ್ಸಾಸ್‌ನಲ್ಲಿ 246 ಜನ ಪ್ರಾಣ ಕಳೆದುಕೊಂಡರೆಂದು ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಹೆಚ್ಚಿನವರು ಚಳಿಗೆ ಸಿಕ್ಕಿಯೇ ಹೋದವರು. ಈ ವಿಷಗಾಳಿಯಿಂದ ಸತ್ತವರು 19 ಮಂದಿ. ಇದ್ದಿಲ ಒಲೆ, ಜನರೇಟರ್, ಶೆಡ್ಡಿನೊಳಗೆ ಚಾಲೂ ಮಾಡಿಟ್ಟ ಕಾರು, ಮೂರೂ ಅಪಾಯವೇ. ಅಳಿಯ ಮೊಬೈಲ್ ಚಾರ್ಜ್ ಮಾಡಲು ಕಾರನ್ನು ಪೂರ್ತಿ ಬಯಲಿಗೆ ತಂದ ಮೇಲೆಯೇ ಚಾಲೂ ಮಾಡುತ್ತಿದ್ದರು.

ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವುದು ಮನೆಯ ಎಲ್ಲರಿಗೂ ಒಟ್ಟಿಗೇ ಬಂದರೆ ಕಾರಣ ಹುಡುಕುತ್ತಾ ಕೂರಬಾರದು. ಮೊದಲು ಹೊರಗೆ ಓಡಬೇಕು, ಆಮೇಲೆ ವೈದ್ಯರನ್ನು ಕರೆಯಬೇಕು.

ನಲ್ಲಿ ತೊಟ್ಟಿಕ್ಕಲಿ

ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ. ಆ ಒತ್ತಡಕ್ಕೆ ಪೈಪೇ ಸೀಳುತ್ತದೆ. ಹಾಗಾಗದಿರಲೆಂದು ಒಳಗಿನ ನಲ್ಲಿಗಳನ್ನು ತೊಟ್ಟಿಕ್ಕಲು ಬಿಟ್ಟು, ಹೊರಗಿನ ನಲ್ಲಿಗೆ ಹಳೆಯ ಟವೆಲ್ ಸುತ್ತಿದೆವು. ಪೈಪ್ ಒಡೆದರೆ ಮುಚ್ಚಬೇಕಾದ ಮುಖ್ಯ ವಾಲ್ವ್ ಎಲ್ಲಿದೆ ಎಂದು ಅಳಿಯ ನಮಗೆಲ್ಲ ತೋರಿಸಿಟ್ಟರು. ಕುಡಿಯುವ ನೀರನ್ನು ಮೊದಲೇ ತುಂಬಿಟ್ಟಿದ್ದು ಉಪಯೋಗಕ್ಕೆ ಬಂತು.

ಕರೆಂಟು ಬಂದ ಮೇಲೆ

ಎಲ್ಲ ಸ್ವಿಚ್ಚುಗಳನ್ನೂ ಒಟ್ಟಿಗೆ ಒತ್ತುವ ಹಾಗಿಲ್ಲ. ಊರೆಲ್ಲ ಹಾಗೆ ಮಾಡಿದರೆ ಗಾಡಿ ಮತ್ತೆ ಕುಂಟುತ್ತದೆ. ಹೀಟರನ್ನು 20 ಡಿಗ್ರಿಗೆ ಇಟ್ಟು, ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಯಂತ್ರಗಳನ್ನು ಮುಂದಕ್ಕೆ ಹಾಕಿದೆವು. ನಾವು ಉಳಿಸುವ ಕರೆಂಟು ಇನ್ನೂ ಕತ್ತಲಲ್ಲಿರುವ ಯಾವುದೋ ಮನೆಯ ಮುದುಕರಿಗೆ, ಮಗುವಿಗೆ ಬೇಕಾಗಿರುತ್ತದೆ.

ನನ್ನ ವಯಸ್ಸಿನವರಿಗೆ

ವಯಸ್ಸಾದಂತೆ ಮೈ ತಣ್ಣಗಾಗುತ್ತಿರುವುದು ನಮಗೇ ತಿಳಿಯದೆ ಹೋಗುತ್ತದೆ. ಮೈಯ ಬಿಸಿ 35 ಡಿಗ್ರಿಗಿಂತ ಇಳಿದರೆ ಅಪಾಯ. ಮಾತು ತೊದಲುವುದು, ಮಂಪರು, ಗೊಂದಲ, ನಡುಕ ಇದ್ದಕ್ಕಿದ್ದಂತೆ ನಿಲ್ಲುವುದು ಅದರ ಗುರುತು. ಅಂಥವರ ಕೈಕಾಲು ತಿಕ್ಕದೆ, ಬಿಸಿನೀರು ಸುರಿಯದೆ, ಎದೆ ಹೊಟ್ಟೆಗೆ ಕಂಬಳಿ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು. ಬಿಸಿನೀರಿನ ಚೀಲ ಕಾಲಿಗೆ ಇಡುವ ಮೊದಲು ಬೇರೆಯವರು ಮುಟ್ಟಿ ನೋಡಲಿ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಬೀದರಿನಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಒಂದಂಕಿಗೆ ಇಳಿಯುವುದುಂಟು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೂ ಅದೇ ವಿಷಗಾಳಿ ಹುಟ್ಟುತ್ತದೆ. ಆದ್ದರಿಂದ ಮಕ್ಕಳೇ, ಈ ಭಾನುವಾರ ನಿಮಗೆ ಮೂರು ಕೆಲಸ. ಬಚ್ಚಲ ಕಿಟಕಿ ತೆರೆಯುತ್ತದೆಯೇ ನೋಡಿ. ರೂಮ್ ಹೀಟರ್ ಇದ್ದರೆ ಹಾಸಿಗೆ, ಪರದೆಗಳಿಂದ ಮೂರಡಿ ದೂರವಿದೆಯೇ ಅಳೆಯಿರಿ. ಅಜ್ಜ ಅಜ್ಜಿಯ ಕೈ ಹಿಡಿದು ತಣ್ಣಗಿದೆಯೇ ನೋಡಿ. ಈ ಮೂರನೆಯದನ್ನು ಚಳಿಗಾಲ ಮುಗಿಯುವ ತನಕ ದಿನವೂ ಮಾಡಿ.