ಕೈಯಿಂದ ರಚಿಸುವ ತಾಂತ್ರಿಕ ನಕ್ಷೆ

ಕೈಯಿಂದ ರಚಿಸುವ ತಾಂತ್ರಿಕ ನಕ್ಷೆ ಎಂದರೆ ಕಟ್ಟಡ, ಯಂತ್ರ, ಹಡಗು, ವಿಮಾನ ಮೊದಲಾದವುಗಳ ವಿನ್ಯಾಸವನ್ನು ಹಲಗೆಗೆ ಅಂಟಿಸಿದ ಕಾಗದದ ಮೇಲೆ ಉಪಕರಣಗಳ ನೆರವಿನಿಂದ ಪ್ರಮಾಣಬದ್ಧವಾಗಿ ಬಿಡಿಸುವ ವಿಧಾನ. ಗಣಕಯಂತ್ರಗಳು ಬಳಕೆಗೆ ಬರುವವರೆಗೂ ವಿನ್ಯಾಸಕಾರರು ತಮ್ಮ ಕಲ್ಪನೆಯನ್ನು ಕುಶಲಕರ್ಮಿಗಳಿಗೆ ತಲುಪಿಸುತ್ತಿದ್ದುದು ಈ ಹಾಳೆಗಳ ಮೂಲಕವೇ.

ಘನವಸ್ತುವನ್ನು ಸಮತಲದ ಮೇಲೆ ನಿಖರವಾಗಿ ತೋರಿಸುವ ರೇಖಾಗಣಿತವನ್ನು 18ನೆಯ ಶತಮಾನದಲ್ಲಿ ಕ್ರಮಬದ್ಧಗೊಳಿಸಿದವನು ಫ್ರಾನ್ಸಿನ ಗಸ್ಪಾರ್ ಮೋಂಜ್. ಕೋಟೆಗಳ ನಿರ್ಮಾಣಕ್ಕೆ ಉಪಯುಕ್ತವಾದ ಈ ವಿದ್ಯೆಯನ್ನು ಅಲ್ಲಿನ ಸೈನ್ಯವು ಕೆಲವು ಕಾಲ ಗುಟ್ಟಾಗಿಯೇ ಇರಿಸಿತ್ತು.

ಉಪಕರಣಗಳು ಮತ್ತು ಕ್ರಮ

ಅಡ್ಡಗೆರೆಗಳಿಗೆ ಟಿ-ಸ್ಕ್ವೇರ್, ಲಂಬ ಹಾಗೂ ಓರೆ ಗೆರೆಗಳಿಗೆ ಮೂಲೆಮಟ್ಟ, ವೃತ್ತಗಳಿಗೆ ಕೈವಾರ ಬಳಕೆಯಾಗುತ್ತಿದ್ದವು. ಮೊದಲು 2ಎಚ್ ಅಥವಾ 4ಎಚ್‌ನಂಥ ಗಟ್ಟಿ ಪೆನ್ಸಿಲಿನಿಂದ ತೆಳುವಾದ ಗೆರೆಗಳನ್ನು ಎಳೆದು, ಅನಂತರ ಅದರ ಮೇಲೆ ಪಾರದರ್ಶಕ ಕಾಗದ ಅಥವಾ ಗಂಜಿ ಲೇಪಿಸಿದ ಬಟ್ಟೆಯನ್ನು ಹಾಸಿ ಶಾಯಿಯಲ್ಲಿ ತಿದ್ದಲಾಗುತ್ತಿತ್ತು. ಈ ಬಟ್ಟೆಗೆ ನೀರು ತಗುಲಿದರೆ ಗಂಜಿ ಕರಗಿ ಕಲೆಯಾಗುತ್ತಿತ್ತು. ಬೆವರಿದ ಅಂಗೈಯೂ ನಕ್ಷೆಗಾರನಿಗೆ ಶತ್ರುವೇ. ಶಾಯಿಯ ಗೆರೆ ತಪ್ಪಿದರೆ ಬ್ಲೇಡಿನಿಂದ ಮೆಲ್ಲನೆ ಕೆರೆದು ತೆಗೆಯಬೇಕಾಗಿತ್ತು. ಅಂಥ ತಪ್ಪು ಕೊನೆಯ ಗಳಿಗೆಯಲ್ಲಿ ನಡೆದರೆ ಹಲವು ದಿನಗಳ ಕೆಲಸ ಹಾಳಾಗುವ ಸಂಭವವಿತ್ತು.

ಹಡಗು ಮತ್ತು ವಿಮಾನಗಳ ಉದ್ದವಾದ ವಕ್ರರೇಖೆಗಳಿಗೆ ಕೈವಾರ ಸಾಲದು. ಬಾಗುವ ತೆಳುವಾದ ಮರದ ಪಟ್ಟಿಯನ್ನು ಸೀಸದ ತೂಕಗಳಿಂದ ಅಲ್ಲಲ್ಲಿ ಒತ್ತಿಹಿಡಿದು, ಅದು ತಾನಾಗಿ ಪಡೆಯುವ ಬಾಗನ್ನು ಗೆರೆಯಾಗಿ ಎಳೆಯುತ್ತಿದ್ದರು. ‘ಸ್ಪ್ಲೈನ್’ ಎಂಬ ಈ ಪಟ್ಟಿಯ ಹೆಸರೇ ಮುಂದೆ ಗಣಿತಕ್ಕೂ, ಗಣಕಯಂತ್ರದ ವಿನ್ಯಾಸ ತಂತ್ರಾಂಶಗಳಿಗೂ ಸಂದಿತು.

ನೀಲನಕ್ಷೆ

ಯೋಜನೆ ಎಂಬ ಅರ್ಥದಲ್ಲಿ ಕನ್ನಡ ಪತ್ರಿಕೆಗಳು ಇಂದಿಗೂ ಬಳಸುವ ‘ನೀಲನಕ್ಷೆ’ಯು ಮೂಲತಃ ನಿಜವಾಗಿಯೂ ನೀಲಿ ಬಣ್ಣದ್ದೇ. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳನ್ನು ಬಳಸಿ ಈ ವಿಧಾನವನ್ನು ಕಂಡುಹಿಡಿದನು. ಲವಣ ಲೇಪಿಸಿದ ಕಾಗದದ ಮೇಲೆ ಮೂಲ ನಕ್ಷೆಯನ್ನಿಟ್ಟು ಬಿಸಿಲಿಗೆ ಒಡ್ಡಿದರೆ ಬೆಳಕು ಬಿದ್ದ ಭಾಗ ನೀಲಿಗಟ್ಟುತ್ತದೆ. ಶಾಯಿಯ ನೆರಳಿನಲ್ಲಿದ್ದ ಭಾಗದ ಲವಣ ನೀರಿನಲ್ಲಿ ತೊಳೆದುಹೋಗಿ ಗೆರೆಗಳು ಬಿಳಿಯಾಗಿ ಉಳಿಯುತ್ತವೆ.

ಹೀಗೆ ನೆನೆದು ಒಣಗಿದ ಕಾಗದ ಕುಗ್ಗುತ್ತಿತ್ತು. ಆದುದರಿಂದ ಪ್ರತಿಯ ಮೇಲೆ ಅಳತೆಪಟ್ಟಿಯಿಟ್ಟು ಅಳೆಯದೆ, ಬರೆದಿರುವ ಅಂಕಿಗಳನ್ನೇ ಅನುಸರಿಸಬೇಕೆಂಬ ನಿಯಮವಿತ್ತು. ಇದಕ್ಕಿಂತ ದೊಡ್ಡ ಅಪಾಯವೆಂದರೆ ಹಳೆಯ ಪ್ರತಿ. ಮೂಲ ಹಾಳೆಯಲ್ಲಿ ಒಂದು ರಂಧ್ರದ ಸ್ಥಾನ ಬದಲಾದರೆ ಅದಕ್ಕೆ ಸಂಬಂಧಿಸಿದ ಎಲ್ಲ ಹಾಳೆಗಳನ್ನೂ ಕೈಯಿಂದಲೇ ತಿದ್ದಬೇಕಾಗಿತ್ತು. ಕಾರ್ಖಾನೆಯಲ್ಲಿ ಹಿಂದಿನ ಪ್ರತಿಯೊಂದು ಉಳಿದುಬಿಟ್ಟರೆ ತಪ್ಪಾದ ಬಿಡಿಭಾಗವೇ ತಯಾರಾಗುತ್ತಿತ್ತು. ಹಾಳೆಯ ಮೂಲೆಯಲ್ಲಿ ತಿದ್ದುಪಡಿಯ ಅಕ್ಷರ, ದಿನಾಂಕ, ಸಹಿಗಳನ್ನು ಕಡ್ಡಾಯವಾಗಿ ನಮೂದಿಸುತ್ತಿದ್ದುದು ಇದೇ ಕಾರಣಕ್ಕೆ.

ಕರ್ನಾಟಕದಲ್ಲಿ

ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡ ‘ಮಾರುತ್’ ಯುದ್ಧವಿಮಾನ ಈ ಕಾಲದ್ದು. ರೂಪವನ್ನು ಪರೀಕ್ಷಿಸಲು ಮೊದಲು ಮರದಲ್ಲಿ ಪೂರ್ಣಗಾತ್ರದ ಗ್ಲೈಡರ್ ನಿರ್ಮಿಸಲಾಯಿತು. ವಿಮಾನವು 1961ರ ಜೂನ್‌ನಲ್ಲಿ ಮೊದಲ ಬಾರಿಗೆ ಹಾರಿತು. ಇವಾನ್ ಸದರ್ಲ್ಯಾಂಡ್ ಅಮೆರಿಕದಲ್ಲಿ ‘ಸ್ಕೆಚ್‌ಪ್ಯಾಡ್’ ಎಂಬ ಆರಂಭಿಕ ಗಣಕ ರೇಖಾಚಿತ್ರ ವ್ಯವಸ್ಥೆಯನ್ನು ಮಂಡಿಸಿದ್ದು 1963ರಲ್ಲಿ. ‘ಆಟೋಕ್ಯಾಡ್’ ಬಂದದ್ದು 1982ರಲ್ಲಿ.